ಫೋನಿನಲ್ಲಿ ಚೆನ್ನಾಗಿದ್ದವಳು

ಅಮ್ಮ ಕೆಮ್ಮಿದಾಗಲೆಲ್ಲ ಅಜ್ಜಿ ಮಿಕ್ಸಿ ಹಾಕುತ್ತಿದ್ದಳು. ಜಾರಿನಲ್ಲಿ ಟೊಮೇಟೊ ಇದ್ದರೆ ಟೊಮೇಟೊ, ಏನೂ ಇಲ್ಲದಿದ್ದರೆ ಬರೀ ನೀರು. ಅದನ್ನು ಮೊದಲು ಆಡಿ ತೋರಿಸಿದವಳು ಪುಟ್ಟಿ, ಕಾಲೇಜಿಗೆ ಹೋಗುವ ಕಿರಿಯ ಮಗಳು.

“ಅಜ್ಜಿ, ನೀರನ್ನ ಯಾಕೆ ರುಬ್ತಿದೀಯ? ಇನ್ನೂ ನುಣ್ಣಗಾಗಿಲ್ವಾ?”

“ಜಾರು ತೊಳೀತಿದೀನಿ ಕಣೇ. ತಿಂದ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗೋಕೆ ನಾನೇನು ನಿನ್ನ ಥರ ಮಹಾರಾಣಿನಾ?”

ಪುಟ್ಟಿ ನಕ್ಕಳು. ದೊಡ್ಡವಳು ನಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಗಿರಾಕಿಗಳ ಮುಖಕ್ಕೆ ಫ್ರೇಮು ಕೂರಿಸುತ್ತ, ಯಾರ ಎಡಗಿವಿ ಕೂದಲೆಳೆಯಷ್ಟು ಮೇಲಿದೆ, ಯಾರ ಮೂಗು ಯಾವ ಕಡೆ ವಾಲಿದೆ ಎಂದು ನೋಡಿ ನೋಡಿ, ಮನೆಗೆ ಬಂದ ಮೇಲೂ ಆ ನೋಟವನ್ನು ಕಳಚಿಡಲು ಬರುತ್ತಿರಲಿಲ್ಲ. ಅಮ್ಮ ಉಸಿರೆಳೆದುಕೊಂಡ ಕೂಡಲೇ, ಕೆಮ್ಮು ಹೊರಬರುವ ಮೊದಲೇ, ಅಜ್ಜಿಯ ಕೈ ಸ್ವಿಚ್ಚಿನ ಕಡೆ ಹೋಗುವುದನ್ನು ಅವಳು ಕಂಡಿದ್ದಳು.

ಅಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿದ್ದಳು. ಅಚ್ಚಾಗಿ, ಮಡಿಸಿ ಬಂದ ಹಾಳೆಗಳನ್ನು ಪುಟದ ಅನುಕ್ರಮದಲ್ಲಿ ಜೋಡಿಸಿ ಹೊಲಿಗೆಗೆ ಕೊಡುವ ಕೆಲಸ. ಕೆಮ್ಮಿನ ಬಗ್ಗೆ ಯಾರು ಕೇಳಿದರೂ “ಕಾಗದದ ಧೂಳು” ಎನ್ನುತ್ತಿದ್ದಳು.

“ಇಷ್ಟು ವರ್ಷ ಇಲ್ಲದ ಧೂಳು ಈಗೆಲ್ಲಿಂದ ಬಂತು?” ಎಂದು ಅಪ್ಪ ಕೇಳುತ್ತಿದ್ದ. ಅಪ್ಪ ಲಿಫ್ಟ್ ಮೆಕ್ಯಾನಿಕ್. ಅವರಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟ್ ಇರಲಿಲ್ಲ. ಒಂದು ಸಂಜೆ ಅಮ್ಮ ತರಕಾರಿ ಚೀಲದೊಂದಿಗೆ ಮೆಟ್ಟಿಲ ನಡುವೆಯೇ ಕುಳಿತುಬಿಟ್ಟಳು. ಆಲೂಗಡ್ಡೆಗಳು ಒಂದೊಂದಾಗಿ ಕೆಳಗಿನವರ ಬಾಗಿಲವರೆಗೆ ಉರುಳಿ ಹೋದವು.

“ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡೋನ ಹೆಂಡ್ತಿ ಮೆಟ್ಟಿಲು ಹತ್ತಿ ಸಾಯ್ಬೇಕು ನೋಡಿ,” ಎಂದು ಅವಳು ಏದುಸಿರಿನಲ್ಲೇ ನಗಲು ನೋಡಿದಳು. ಅಪ್ಪ ಆಲೂಗಡ್ಡೆ ಆರಿಸುವುದನ್ನು ಬಿಟ್ಟು, “ನಾಳೆ ಆಸ್ಪತ್ರೆ. ಮಾತಿಲ್ಲ,” ಎಂದ.

ಪ್ರೆಸ್ಸಿನವರು ಕೊಟ್ಟ ಚಿಕಿತ್ಸೆಯ ಕಾರ್ಡು ನಡೆಯುತ್ತಿದ್ದ ಆಸ್ಪತ್ರೆ ಒಂದೇ. ಸೂಜಿ ಹಾಕಿ ಎದೆಯಿಂದ ಚೂರು ತೆಗೆದದ್ದು, ಸ್ಕ್ಯಾನ್ ಮಾಡಿದ್ದು ಎಲ್ಲ ಅಲ್ಲೇ. ಶ್ವಾಸಕೋಶದಲ್ಲಿ ಗೆಡ್ಡೆ ಇದೆ, ಕ್ಯಾನ್ಸರ್ ಎಂದು ತಿಳಿದ ಮೇಲೆ ದೊಡ್ಡ ಡಾಕ್ಟರನ್ನು ಕಾಣಲು ಅಮ್ಮನ ಜೊತೆ ದೊಡ್ಡವಳು ರಜೆ ಹಾಕಿ ಹೊರಟಳು. ಅಪ್ಪನಿಗೆ ಅಂದು ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡ ಕರೆ. ಯಾರೂ ಕರೆಯದೆಯೂ ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

“ನೀನ್ಯಾಕಮ್ಮಾ? ಮಂಡಿ ನೋವು ಅಂತೀಯ,” ಎಂದಳು ಅಮ್ಮ.

“ಮಂಡಿ ನಂದು. ನಾನು ನೋಡ್ಕೋತೀನಿ.”

ಡಾಕ್ಟರು ಐವತ್ತರ ಹೆಂಗಸು. ಮೇಜಿನ ಮೇಲೆ ಅವರ ಟೀ ಕೆನೆಗಟ್ಟಿತ್ತು.

“ಈಗ ನಾವು ಒಂದೇ ಪರೀಕ್ಷೆ ನೆಚ್ಕೊಂಡು ಔಷಧಿ ಬರೆಯಲ್ಲಮ್ಮ. ಗೆಡ್ಡೆಯ ಜೀನ್ ಏನು ಹೇಳುತ್ತೆ, ಅದು ಎಂಥ ಪ್ರೋಟೀನ್ ಮಾಡ್ತಿದೆ, ಸ್ಕ್ಯಾನಲ್ಲಿ ಹೇಗೆ ಕಾಣುತ್ತೆ, ಮೂರನ್ನೂ ಒಟ್ಟಿಗೆ ಇಟ್ಟು ನೋಡ್ತೀವಿ. ಮೂರು ಸಾಕ್ಷಿ ಇದ್ದ ಹಾಗೆ. ಒಂದು ತಪ್ಪು ಹೇಳಿದ್ರೆ ಇನ್ನೆರಡು ಹಿಡೀತವೆ.” ಅವರು ಪರದೆಯನ್ನು ಈ ಕಡೆ ತಿರುಗಿಸಿದರು. “ನಿಮ್ಮ ವಿಷಯದಲ್ಲಿ ನಮಗೆ ಇನ್ನೂ ಒಂದು ಅನುಕೂಲ. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಿದ್ರಲ್ಲ, ಆಗಿನ ಚಿತ್ರ ಇದೆ. ಆಗ ತೆಗೆದ ಚೂರನ್ನೂ ಮೇಣದಲ್ಲಿ ಹುದುಗಿಸಿ ಇಟ್ಟಿದೀವಿ. ಅದನ್ನೂ ಪರೀಕ್ಷೆಗೆ ಕಳಿಸಿದೀನಿ.”

ಅಜ್ಜಿ ಕೈಚೀಲದ ಹಿಡಿಯನ್ನು ತಿರುಚುತ್ತ ಕುಳಿತಿದ್ದಳು.

“ನೋಡಿ, ಇದು ಆಗಿನದು. ಇದು ಈಗಿನದು. ಅದೇ ಎಡಗಡೆ. ಇಷ್ಟು ವರ್ಷಕ್ಕೆ ಇಷ್ಟೇ ಬೆಳೆದಿದೆ! ನೀವು ಚಿಕಿತ್ಸೆಗೂ ಬರಲಿಲ್ಲ. ಫೋನ್ ಮಾಡಿದಾಗೆಲ್ಲ ಚೆನ್ನಾಗಿದ್ದೀನಿ ಅಂದಿದೀರಿ. ಬಲು ನಿಧಾನದ ಗೆಡ್ಡೆ ಇದು. ಜೀನ್, ಪ್ರೋಟೀನ್ ವರದಿ ಬರೋಕೆ ಕೆಲವು ವಾರ ಬೇಕು. ಅವೂ ಇದನ್ನೇ ಹೇಳಿದ್ರೆ ಈಗಲೇ ಕಟುವಾದ ಔಷಧಿ ಬೇಡ. ಕಾದು ನೋಡೋಣ. ಅದೃಷ್ಟವಂತರು ನೀವು.”

ದೊಡ್ಡವಳು ಎರಡು ಚಿತ್ರಗಳನ್ನೂ ನೋಡುತ್ತಿದ್ದಳು. ಗೆಡ್ಡೆ ಅವಳ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ಕತ್ತಿನಿಂದ ಭುಜಕ್ಕೆ ಹೋಗುವ ಮೂಳೆ ಹಳೆಯ ಚಿತ್ರದಲ್ಲಿ ಒಂದು ಕಡೆ ಗಂಟು ಕಟ್ಟಿಕೊಂಡಿತ್ತು, ಮುರಿದು ಬೆಸುಗೆ ಹಾಕಿದ ಫ್ರೇಮಿನ ಹಾಗೆ. ಹೊಸ ಚಿತ್ರದಲ್ಲಿ ಅದು ನೆಟ್ಟಗಿತ್ತು.

ಬಸ್ಸಿನಲ್ಲಿ ಅವಳು ಕೇಳಿದಳು. “ಅಮ್ಮಾ, ನಿನಗೆ ಮೊದಲೇ ಇತ್ತಾ?”

“ಏನೋ ಸಣ್ಣ ಪರೀಕ್ಷೆ ಆಗಿತ್ತು.”

“ಯಾರಿಗೂ ಹೇಳದೇನೇ?”

“ಏಳು, ಸ್ಟಾಪ್ ಬಂತು,” ಎಂದಳು ಅಜ್ಜಿ.

ಅವರ ಸ್ಟಾಪಿಗೆ ಇನ್ನೂ ಎರಡು ಸ್ಟಾಪ್ ಇತ್ತು. ಆದರೂ ಮೂವರೂ ಇಳಿದು ಮನೆಯವರೆಗೆ ನಡೆದರು.

ಸುದ್ದಿ ಕೇಳಿ ಅಪ್ಪನಿಗೆ ಮೊದಲು ಸಿಟ್ಟು ಬಂತು. ಹನ್ನೊಂದು ವರ್ಷದ ಹಿಂದೆ ಎಂದರೆ ಅವನು ದೂರದ ಊರಿನಲ್ಲಿ ಹೊಸ ಕಟ್ಟಡಗಳಿಗೆ ಲಿಫ್ಟ್ ಕೂರಿಸುತ್ತಿದ್ದ ಕಾಲ. “ಗಂಡ ಅಂತ ಒಬ್ಬ ಇದ್ದಾನೆ ಅನ್ನೋದು ನೆನಪಿರಲಿಲ್ವಾ?” ಎಂದು ರೇಗಿದ. ಆಮೇಲೆ ಕೆಳಗಿಳಿದು ಹೋಗಿ ಒಂದು ಕಲ್ಲಂಗಡಿ ಹಣ್ಣು ಹೊತ್ತು ತಂದ. ತಾನೇ ಹೆಚ್ಚಿ ಎಲ್ಲರ ತಟ್ಟೆಗೂ ಹಾಕಿದ.

“ಬೆಳಗ್ಗೆ ಎದ್ದು ಜಡೆ ಹಾಕೋಕೆ ಅರ್ಧ ಗಂಟೆ ಮಾಡೋಳು ನೀನು. ನಿನ್ನ ಜೊತೆ ಇದ್ದೂ ಇದ್ದೂ ಗೆಡ್ಡೆಗೂ ಅದೇ ಬುದ್ಧಿ ಬಂದಿದೆ.”

ಪುಟ್ಟಿ ಬೀಜ ಉಗುಳುತ್ತ ನಕ್ಕಳು. ಅಮ್ಮನೂ ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು.

ವಾರಗಳು ಹಾಗೇ ಹೋದವು. ಅಮ್ಮ ಪ್ರೆಸ್ಸಿಗೆ ಹೋಗಿ ಬರುತ್ತಿದ್ದಳು. ಮೊದಲು ಬಟ್ಟೆ ಒಗೆಯುವುದು ಪುಟ್ಟಿಯ ಪಾಲಿಗೆ ಬಂತು, ಆಮೇಲೆ ನೆಲ ಒರೆಸುವುದು. ಅನ್ನ ಬಸಿಯಲು ಪಾತ್ರೆ ಎತ್ತಲಾರದೆ ಅಮ್ಮ ದೊಡ್ಡವಳನ್ನು ಕೂಗತೊಡಗಿದಳು. ಪ್ರೆಸ್ಸಿನಿಂದ ಬಂದವಳೇ ಕಿಟಕಿಯ ಪಕ್ಕ ಎಡಕ್ಕೆ ಒರಗಿ ಕೂರುವುದನ್ನು ರೂಢಿ ಮಾಡಿಕೊಂಡಳು. ಒಂದು ದಿನ ಟೀ ಹಿಡಿದು ಬಂದ ಅಜ್ಜಿ ಅವಳನ್ನು ಹಾಗೆ ಕಂಡವಳೇ, ಲೋಟವನ್ನು ಕೊಡದೆ ಹಾಗೆಯೇ ಒಳಗೆ ತೆಗೆದುಕೊಂಡು ಹೋದಳು. 

ಆ ಜಾಗದಲ್ಲಿ ಹಿಂದೆ ಚಿಕ್ಕಮ್ಮ ಕೂರುತ್ತಿದ್ದಳು. ಅಮ್ಮನ ತಂಗಿ. ಮದುವೆಯಾಗದೆ, ಇದೇ ಮನೆಯಲ್ಲಿದ್ದುಕೊಂಡು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವಳು. ನ್ಯುಮೋನಿಯಾ ಆಗಿ ತೀರಿಕೊಂಡಳು ಎಂದು ಮಕ್ಕಳಿಗೆ ಹೇಳಿದ್ದರು. ಆಮೇಲೆ ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಒಂದು ಬೆಳಗ್ಗೆ ಪುಟ್ಟಿ ತನ್ನ ಬಸ್ ಪಾಸ್ ಸಿಗದೆ ಮನೆಯನ್ನೆಲ್ಲ ತಲೆಕೆಳಗು ಮಾಡಿದಳು. ಕೊನೆಗೆ ಅಕ್ಕನ ಪಾಸನ್ನು ಎತ್ತಿ ಚೀಲಕ್ಕೆ ತುರುಕಿದಳು.

“ಏಯ್, ಅದು ನಂದು!”

“ನೀನು ಇವತ್ತು ಎರಡನೇ ಪಾಳಿ ತಾನೇ? ಮಧ್ಯಾಹ್ನದೊಳಗೆ ತರ್ತೀನಿ. ಫೋಟೊ ಯಾರು ನೋಡ್ತಾರೆ? ಇಬ್ಬರದ್ದೂ ಅದೇ ಮೂತಿ.”

“ಇಡೇ ಅದನ್ನ!”

ಕೂಗಿದವಳು ಅಜ್ಜಿ. ಪುಟ್ಟಿ ಬೆಚ್ಚಿ ಪಾಸನ್ನು ಕೆಳಗೆ ಬೀಳಿಸಿದಳು. “ಅಜ್ಜೀ, ಅಮ್ಮ ಚಿಕ್ಕಮ್ಮ ಒಂದೇ ಪಾಸಲ್ಲಿ ಕಾಲೇಜು ಮುಗಿಸಿದ್ರು ಅಂತ ನೀನೇ ಹೇಳ್ತಿದ್ದೆ. ಲೈಬ್ರರಿ ಕಾರ್ಡೂ ಒಂದೇ, ಚಪ್ಪಲೀನೂ ಒಂದೇ ಅಂತ. ಆಗ ನಗ್ತಿದ್ದೆ!”

“ನಕ್ಕಿದ್ದು ಸಾಕು. ನಡ್ಕೊಂಡು ಹೋಗು.”

ಪುಟ್ಟಿ ಗೊಣಗುತ್ತ ಚೀಲವನ್ನು ಹೆಗಲಿಗೆ ಏರಿಸಿದಳು. ಅದು ಜಾರಿತು. ಮತ್ತೆ ಏರಿಸಿದಳು. ದೊಡ್ಡವಳು ಆ ಹೆಗಲನ್ನೇ ನೋಡುತ್ತ ನಿಂತುಬಿಟ್ಟಳು. ಚಿಕ್ಕಮ್ಮನ ಚೀಲ ಯಾವಾಗಲೂ ಜಾರುತ್ತಿತ್ತು. ಸಣ್ಣವಳಿದ್ದಾಗ ಮೆಟ್ಟಿಲ ಕಂಬಿಯ ಮೇಲೆ ಜಾರಲು ಹೋಗಿ ಬಿದ್ದು, ಮೂಳೆ ಮುರಿದು, ಅದು ವಾರೆಯಾಗಿಯೇ ಕೂಡಿಕೊಂಡಿತ್ತು. ಆ ಗಂಟನ್ನು ಮುಟ್ಟಿ ನೋಡಲು ಮಕ್ಕಳಿಗೆ ಆಸೆ. ಒಂದು ಸಲ ಮುಟ್ಟಿದರೆ ಒಂದು ಮುತ್ತು ಕೊಡಬೇಕು ಎಂದು ಚಿಕ್ಕಮ್ಮ ಶರತ್ತು ಹಾಕುತ್ತಿದ್ದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ದೊಡ್ಡವಳು ಅನ್ನ ಕಲಸದೆ ಕೇಳಿದಳು.

“ಆ ಹಳೇ ಚಿತ್ರ ಚಿಕ್ಕಮ್ಮಂದು ಅಲ್ವಾ ಅಮ್ಮಾ?”

ಚಮಚ ಹಿಡಿದಿದ್ದ ಅಜ್ಜಿಯ ಕೈ ಪಾತ್ರೆಯೊಳಗೇ ನಿಂತಿತು. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. “ಯಾವ ಚಿತ್ರ? ಏನು ವಿಷಯ?”

ಅಮ್ಮ ತಟ್ಟೆ ನೋಡುತ್ತಲೇ ಹೇಳಿದಳು. “ಅವಳಿಗೆ ಕಾರ್ಡ್ ಇರಲಿಲ್ಲ. ನನಗಿತ್ತು.”

“ಅದಕ್ಕೆ?”

“ಅದಕ್ಕೆ ನನ್ನ ಹೆಸರಲ್ಲಿ ಅವಳು ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತಿದ್ದೆ.”

“ನಾನೇ ಹೇಳಿದ್ದು,” ಎಂದಳು ಅಜ್ಜಿ. “ಇಬ್ಬರದ್ದೂ ಒಂದೇ ಮುಖ, ಯಾರು ನೋಡ್ತಾರೆ ಅಂದೆ. ಸ್ಕ್ಯಾನ್ ಆಯ್ತು, ಸೂಜಿ ಚುಚ್ಚಿದ್ದಾಯ್ತು. ಇನ್ನೇನು ಚಿಕಿತ್ಸೆಗೆ ಸೇರಿಸ್ಬೇಕು ಅನ್ನೋವಾಗ ಅವಳು ಹಾಸಿಗೆಯಿಂದ ಏಳಲೇ ಇಲ್ಲ.”

“ಅಯ್ಯೋ ಅತ್ತೆ!” ಅಪ್ಪ ತಲೆ ಹಿಡಿದುಕೊಂಡ. “ನನಗೆ ಹೇಳಿದ್ರೆ ನಾನೇನು ಪೊಲೀಸರನ್ನ ಕರೀತಿದ್ನಾ?”

ಪುಟ್ಟಿಯ ದನಿ ಸಣ್ಣಗಿತ್ತು. “ಹಾಗಾದ್ರೆ ಫೋನಲ್ಲಿ ಚೆನ್ನಾಗಿದ್ದೀನಿ ಅಂದಿದ್ದು ಯಾರು?”

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಅವಳನ್ನ ಕಳಿಸಿಬಂದ ವಾರ ಮೊದಲನೇ ಫೋನು ಬಂತು. ನನ್ನ ಹೆಸರು ಹೇಳಿ, ಹೇಗಿದ್ದೀರಿ ಅಂದ್ರು. ಏನು ಹೇಳ್ಲಿ? ಚೆನ್ನಾಗಿದ್ದೀನಿ ಅಂದೆ. ಸಂತೋಷ ಅಂದ್ರು. ವರ್ಷಕ್ಕೊಂದು ಸಲ ಮಾಡೋರು. ಪ್ರತಿ ಸಲ ನಿಮ್ಮಜ್ಜಿ ಬಂದು ಪಕ್ಕದಲ್ಲಿ ನಿಲ್ಲೋಳು, ಅದನ್ನ ಕೇಳಿಸ್ಕೊಳ್ಳೋಕೆ.”

ಅಜ್ಜಿ ಇಲ್ಲವೆನ್ನಲಿಲ್ಲ. “ಆಸ್ಪತ್ರೆಯವರ ಲೆಕ್ಕದಲ್ಲಿ, ಒಂದು ಕಡೆನಾದ್ರೂ ಚೆನ್ನಾಗಿದ್ಲು,” ಎಂದಳು.

“ನಾಳೆನೇ ಡಾಕ್ಟರಿಗೆ ಹೇಳೋಣ,” ಎಂದಳು ದೊಡ್ಡವಳು.

“ಹೇಳಿದ್ರೆ ಕಾರ್ಡ್ ಹೋಗುತ್ತೆ,” ಎಂದಳು ಅಮ್ಮ. “ಕೆಲಸಾನೂ ಹೋಗಬಹುದು. ಆಮೇಲೆ ಯಾವ ಔಷಧಿ, ಯಾವ ಡಾಕ್ಟ್ರು? ನಿಮ್ಮಪ್ಪ ಲಿಫ್ಟ್ ಒಳಗೇ ಮಲಗಿದ್ರೂ ಅಷ್ಟು ದುಡ್ಡು ಹುಟ್ಟಲ್ಲ.”

“ನಿಧಾನದ್ದು ಅಂದಿದಾರಲ್ಲ,” ಎಂದಳು ಅಜ್ಜಿ. “ಯಾಕೆ ಕೆದಕ್ತೀರಿ?”

“ನಿಧಾನದ್ದು ಅಂದಿದ್ದೇ ಚಿಕ್ಕಮ್ಮನ ಚಿತ್ರ ಪಕ್ಕದಲ್ಲಿಟ್ಕೊಂಡು ಅಜ್ಜಿ! ಅದನ್ನ ತೆಗೆದ್ರೆ ಅಮ್ಮನ ಗೆಡ್ಡೆಗೆ ಎಷ್ಟು ವಯಸ್ಸು ಅಂತ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮ ಎಷ್ಟು ದಿನ ಇದ್ದಳು? ಹೇಳು. ಕೆಮ್ಮು ಶುರುವಾದ ಮೇಲೆ ಎಷ್ಟು ದಿನ?”

“ಊಟದ ಮುಂದೆ ಲೆಕ್ಕ ಕೇಳ್ಬೇಡ!” ಅಜ್ಜಿ ತಟ್ಟೆ ಬಿಟ್ಟು ಎದ್ದು ಹೋದಳು. ಅವಳು ಹಾಗೆ ಎದ್ದು ಹೋದದ್ದನ್ನು ಆ ಮನೆಯಲ್ಲಿ ಹಿಂದೆಂದೂ ಯಾರೂ ಕಂಡಿರಲಿಲ್ಲ. ಪುಟ್ಟಿ ಆ ತಟ್ಟೆಯನ್ನು ತೊಳೆದಿಟ್ಟಳು.

ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಅಪ್ಪ ಎರಡು ಸಲ ಆಸ್ಪತ್ರೆಗೆ ಹೊರಟು ಎರಡು ಸಲವೂ ಅಮ್ಮನ ಮುಖ ನೋಡಿ ಚಪ್ಪಲಿ ಬಿಚ್ಚಿದ. “ನನ್ನ ಮೈ. ನಾನು ಹೇಳಿದಾಗ ಹೇಳಿದ್ರಾಯ್ತು,” ಎನ್ನುತ್ತಿದ್ದಳು ಅವಳು. ದೊಡ್ಡವಳಿಗೆ ಈಗ ಕಿಟಕಿಯ ಬಳಿ ಹೋಗಲು ಅಂಜಿಕೆ. ಬೆಳಕಿಗೆ ಬೆನ್ನು ಮಾಡಿ ಒರಗಿ ಕುಳಿತವಳು ಯಾರೆಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ. ಹೆಗಲನ್ನು ನೋಡಿ, ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ “ಅಮ್ಮಾ” ಎನ್ನುತ್ತಿದ್ದಳು.

ಅಮ್ಮ ರಜೆ ಹಾಕಿ ಮನೆಯಲ್ಲಿದ್ದ ಒಂದು ಮಧ್ಯಾಹ್ನ ದೊಡ್ಡವಳು ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಅಮ್ಮನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ. ಅಮ್ಮ ಕಿಟಕಿಯ ಬಳಿಯಿಂದಲೇ ಎತ್ತಿದಳು. ಹುಡುಗಿಯೊಬ್ಬಳ ದನಿ ಹೊರಗೂ ಕೇಳುತ್ತಿತ್ತು. ನಿಮ್ಮ ವರದಿಗಳು ಒಂದಕ್ಕೊಂದು ಹೊಂದುತ್ತಿಲ್ಲ, ನಮ್ಮ ಲ್ಯಾಬಿನಲ್ಲೇ ಏನೋ ಅದಲುಬದಲಾಗಿರಬೇಕು, ಡಾಕ್ಟರು ಮತ್ತೊಮ್ಮೆ ನೋಡಬೇಕಂತೆ. ಮುಂದಿನ ವಾರ ಬಂದರೂ ನಡೆಯುತ್ತೆ.

“ಅಲ್ಲೀವರೆಗೆ ಏನೂ ತೊಂದರೆ ಇಲ್ಲ ತಾನೇ ಮೇಡಂ? ಹೇಗಿದ್ದೀರಿ?”

ಅಮ್ಮ ಕಿಟಕಿಯ ಸರಳು ಹಿಡಿದುಕೊಂಡು, ಉಸಿರು ಸಿಕ್ಕುವವರೆಗೆ ಕಾದು, ಹೇಳಿದಳು.

“ಚೆನ್ನಾಗಿದ್ದೀನಿ.”

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಕೇಳಿದ್ದ ಅದೇ ಮಾತು, ಅದೇ ದನಿ. ಅವಳು ಕೈ ಒರೆಸಿಕೊಂಡಳು. ಒಲೆ ಆರಿಸಿದಳು. ಮೂಲೆಯಿಂದ ಚಪ್ಪಲಿಯನ್ನು ಕಾಲಲ್ಲೇ ಎಳೆದು ಮೆಟ್ಟಿಕೊಂಡಳು.

“ಅಂಗಡಿಗೆ ಬರಲ್ಲ ಅಂತ ಹೇಳು,” ಎಂದಳು ದೊಡ್ಡವಳಿಗೆ. “ನನ್ನ ಜೊತೆ ಬಾ.”

“ಅಮ್ಮಾ, ಬೇಡ,” ಎಂದಳು ಕಿಟಕಿಯ ಬಳಿ ಕುಳಿತವಳು.

“ನೀನು ಸುಮ್ನಿರು. ಒಬ್ಬಳನ್ನ ಚೆನ್ನಾಗಿದ್ದಾಳೆ ಅಂತ ಇಟ್ಕೊಳ್ಳೋಕೆ ಹೋಗಿ ಇನ್ನೊಬ್ಬಳನ್ನೂ ಕಳ್ಕೋತಿದೀನಿ ನಾನು.”

ಡಾಕ್ಟರು ಅವರನ್ನು ಎರಡು ರೋಗಿಗಳ ನಡುವೆ ಒಳಗೆ ಕರೆದರು. ಅಜ್ಜಿ ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಕೊನೆಗೆ, “ನಿಮ್ಮ ಲ್ಯಾಬಿನವರನ್ನ ಬೈಬೇಡಿ. ಅದಲುಬದಲು ಮಾಡಿದ್ದು ನಾನು,” ಎಂದಳು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಜ್ಜಿ, ನಿಮಗೆ ಏನು ಮಾಡ್ತಿದೀರಿ ಅಂತ ಅಂದಾಜಾದ್ರೂ ಇದೆಯಾ? ಮೂರು ಪರೀಕ್ಷೆ ಜೋಡಿಸೋದು ಅಂದ್ರೆ ಮೂರೂ ಒಬ್ಬ ಮನುಷ್ಯರದ್ದು ಅನ್ನೋ ನಂಬಿಕೆ ಮೇಲೆ. ನಾನು ಇಬ್ಬರನ್ನ ಸೇರಿಸಿ ಇಲ್ಲದ ಮೂರನೆಯವಳಿಗೆ ಔಷಧಿ ಹುಡುಕ್ತಿದ್ದೆ.”

“ಈಗ ಇರೋಳಿಗೆ ಹುಡುಕಿ.”

ಡಾಕ್ಟರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಹಳೆಯದನ್ನೆಲ್ಲ ಪಕ್ಕಕ್ಕೆ ಸರಿಸಿದ ಮೇಲೆ ಮಾತಾಡಿದರು. ಕಾಯುವ ಮಾತಿಲ್ಲ, ಈ ವಾರವೇ ಹೊಸ ಸ್ಕ್ಯಾನ್ ಆಗಬೇಕು. ಅಮ್ಮನ ಗೆಡ್ಡೆಯ ಜೀನಿನಲ್ಲಿ ಮಾತ್ರೆಗೆ ಬಗ್ಗುವ ಗುರುತು ಇಲ್ಲ. ಪ್ರೋಟೀನ್ ವರದಿ ನೋಡಿದರೆ ಡ್ರಿಪ್ಪಿನಲ್ಲಿ ಕೊಡುವ ಒಂದು ಔಷಧಿಗೆ ಅದು ಬಗ್ಗಬಹುದು. ಬಗ್ಗಬಹುದು, ಅಷ್ಟೇ.

“ಮಾತ್ರೆಯ ಗುರುತು ಇರೋದು ಹಳೇ ಚೂರಿನಲ್ಲಿ,” ಎಂದರು. “ನೀವು ಬರದೇ ಇದ್ದಿದ್ರೆ ಅದನ್ನೇ ನಂಬಿ ಇವರಿಗೆ ಅದೇ ಮಾತ್ರೆ ಕೊಡ್ತಿದ್ನೇನೋ. ಏನೂ ಉಪಯೋಗ ಆಗ್ತಿರಲಿಲ್ಲ.”

ಅಜ್ಜಿ ಮುಂದಕ್ಕೆ ಬಾಗಿದಳು. “ಅಂದ್ರೆ ನನ್ನ ಚಿಕ್ಕ ಮಗಳ ಕಾಯಿಲೆಗೆ ಮಾತ್ರೆ ಇದೆಯಾ?”

“ಈಗ ಇದೆ. ಆಗ ಯಾರೂ ಈ ಪರೀಕ್ಷೆನೇ ಮಾಡಲಿಲ್ಲ.”

“ಈಗ ಬಂದಿದೆ,” ಎಂದು ಅಜ್ಜಿ ತನಗೇ ಎಂಬಂತೆ ಹೇಳಿಕೊಂಡಳು. ಆಮೇಲೆ, “ಒಂದು ಸಲ ತೋರಿಸ್ತೀರಾ?” ಎಂದು ಕೇಳಿದಳು.

ಡಾಕ್ಟರು ಹಳೆಯ ಚಿತ್ರವನ್ನು ತೆರೆದರು. ಅಜ್ಜಿ ಬೆರಳು ಚಾಚಿ, ಗಾಜಿನ ಮೇಲೆ, ಆ ಮೂಳೆಯ ಗಂಟನ್ನು ಮುಟ್ಟಿದಳು. ದೊಡ್ಡವಳು ಬೇರೆ ಕಡೆ ನೋಡಿದಳು.

ಹೊರಗೆ ಕೌಂಟರಿನಲ್ಲಿದ್ದವನು ಹಳೆಯ ಚಿತ್ರ, ಹಳೆಯ ಚೂರಿಗೆ ಬೇರೆ ಫೈಲು ತೆರೆಯಬೇಕೆಂದ. “ಪೇಷಂಟ್ ಹೆಸರು ಹೇಳಿ.” ಅಜ್ಜಿ ಹೇಳಿದಳು. ಆ ಹೆಸರು ಅವಳ ಬಾಯಲ್ಲಿ ಒಣಗಿತ್ತು. ಅವನಿಗೆ ಕೇಳಿಸದೆ ಮತ್ತೊಮ್ಮೆ ಹೇಳಬೇಕಾಯಿತು. “ವಯಸ್ಸು?” ಎಂದ ಅವನು. ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು.

“ಆಗಿಂದು ಹೇಳಲೋ, ಈಗ ಆಗಿರೋದು ಹೇಳಲೋ?”

“ಆಗಿಂದು ಹೇಳಜ್ಜಿ,” ಎಂದಳು ದೊಡ್ಡವಳು. ಮನೆಯ ಫೋನ್ ನಂಬರು ಕೇಳಿದಾಗ ಅಮ್ಮನದನ್ನೇ ಕೊಟ್ಟಳು. ಬೇರೆ ನಂಬರು ಯಾರದ್ದು ಕೊಡುವುದು?

ಕಾರ್ಡಿನ ವಿಷಯ ಪ್ರೆಸ್ಸಿನವರೆಗೆ ಹೋಯಿತು. ವಿಚಾರಣೆ ಮುಗಿಯುವವರೆಗೆ ಕಾರ್ಡು ತಡೆಹಿಡಿದರು. ಔಷಧಿಯ ಖರ್ಚಿಗೆ ಅಪ್ಪನ ಸ್ಕೂಟರು ಹೋಯಿತು. “ಬಸ್ಸಲ್ಲಿ ಹೋಗೋದೇ ಚೆನ್ನ, ಬ್ರೇಕ್ ಹಾಕೋ ಚಿಂತೆ ಬೇರೆಯವರದ್ದು,” ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಹೊಸ ಸ್ಕ್ಯಾನಿನಲ್ಲಿ ಗೆಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ಒಂದು ಡ್ರಿಪ್ ಆಯಿತು, ಇನ್ನೊಂದೂ ಆಯಿತು. ಅಮ್ಮನಿಗೆ ಊಟ ರುಚಿಸುತ್ತಿರಲಿಲ್ಲ. ಪುಟ್ಟಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಬಾಯಿಗಿಡುತ್ತ, “ನಿಧಾನಸ್ಥೆ, ಬೇಗ ನುಂಗು, ನನಗೆ ಕಾಲೇಜಿದೆ,” ಎಂದು ಗದರುತ್ತಿದ್ದಳು. ಅಮ್ಮ ಒಂದೊಂದು ದಿನ ಅಜ್ಜಿಯ ಜೊತೆ ಮಾತಾಡುತ್ತಿದ್ದಳು, ಒಂದೊಂದು ದಿನ ಇಲ್ಲ. ಔಷಧಿ ಹಿಡಿಯುತ್ತಿದೆಯೋ ಇಲ್ಲವೋ, ಅದು ಮುಂದಿನ ಸ್ಕ್ಯಾನಿಗೇ ತಿಳಿಯಬೇಕಿತ್ತು.

ಒಂದು ಬೆಳಗ್ಗೆ ಅಮ್ಮ ಕಿಟಕಿಯ ಬಳಿ ಕಣ್ಣು ಮುಚ್ಚಿ ಕುಳಿತಿದ್ದಳು. ಅಜ್ಜಿ ಮಿಕ್ಸಿಯ ಜಾರಿಗೆ ಟೊಮೇಟೊ ಹಾಕುತ್ತಿದ್ದಳು. ದೊಡ್ಡವಳು ಬಟ್ಟೆ ಮಡಿಸುತ್ತಿದ್ದಳು. ಫೋನು ಹೊಡೆದುಕೊಂಡಿತು. ಅಮ್ಮ ಏಳುವ ಮೊದಲು ಅಜ್ಜಿಯೇ ಬಂದು ಎತ್ತಿದಳು.

ಅದೇ ಆಸ್ಪತ್ರೆ, ಬೇರೆ ಹುಡುಗಿ. ಪಟ್ಟಿ ನೋಡಿ ಕರೆ ಮಾಡುವವಳಿರಬೇಕು, ಏನೂ ತಿಳಿಯದವಳು. ಚಿಕ್ಕಮ್ಮನ ಹೆಸರು ಹೇಳಿ, “ಇದ್ದಾರಾ? ಹೇಗಿದ್ದಾರೆ ಈಗ?” ಎಂದಳು.

ದೊಡ್ಡವಳ ಕೈಯಲ್ಲಿದ್ದ ಟವೆಲ್ಲು ಅರ್ಧಕ್ಕೆ ನಿಂತಿತು. ಅಮ್ಮ ಕಣ್ಣು ತೆರೆದಳು.

ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಇಲ್ಲಮ್ಮ,” ಎಂದಳು. “ಅವಳು ತೀರಿಕೊಂಡು ಹನ್ನೊಂದು ವರ್ಷ ಆಯ್ತು.”

ಅಷ್ಟರಲ್ಲಿ ಅಮ್ಮನಿಗೆ ಕೆಮ್ಮು ಬಂತು, ಉದ್ದನೆಯ ಕೆಮ್ಮು. ಮಿಕ್ಸಿಯ ಹತ್ತಿರ ಯಾರೂ ಇರಲಿಲ್ಲ. ಕೆಮ್ಮು ಮನೆಯ ತುಂಬ ಕೇಳಿಸಿತು.

“ಅಲ್ಲಿ ಯಾರೋ ಕೆಮ್ತಿದಾರಲ್ಲ ಅಜ್ಜಿ?” ಎಂದಳು ಹುಡುಗಿ.

“ಅದು ಅವಳ ಅಕ್ಕ,” ಎಂದಳು ಅಜ್ಜಿ. “ಅವಳು ಇದ್ದಾಳೆ.”